ಕಾಗದನಗರದಲ್ಲಿ ಒಂದು ಪಿರಿಯಡ್

ಪುಸ್ತಕದಲ್ಲಿ ಅದು ಅರ್ಧ ಸಾಲೂ ಇಲ್ಲ.
ಮೊದಲ ಮಹಾಯುದ್ಧ ಎರಡೂವರೆ ಪುಟ,
ಕಾರಣ ನಾಲ್ಕು, ಪರಿಣಾಮ ಐದು,
ಐದನೆಯದರ ಬಾಲಕ್ಕೆ ಆಟೋಮನ್ ಸಾಮ್ರಾಜ್ಯ,
ಹೊಸಿಲಾಚೆ ಬಿಟ್ಟ ಹಳೇ ಚಪ್ಪಲಿಯ ಹಾಗೆ.

ಶನಿವಾರ. ಡ್ರಿಲ್ ಮೇಷ್ಟ್ರು ರಜೆ, ಪಿರಿಯಡ್ಡು ನನ್ನ ಪಾಲಿಗೆ.
ಭದ್ರಾವತಿಯ ಕಾಗದನಗರ; ಮಿಲ್ಲಿನ ಸೈರನ್ನು
ನಿಂತು ಎಷ್ಟೋ ವರ್ಷ. ಗೋಡೆಯ ಭೂಪಟ ಮಾತ್ರ
ಇನ್ನೂ ಮಿಲ್ಲು ಕೊಟ್ಟಿದ್ದೇ.
ತುರ್ಕಿಯ ಪೂರ್ವಕ್ಕೆ ಗೆದ್ದಲು ತಿಂದ ತೂತು.
ಅದರೊಳಗೆ ಬೆರಳಿಟ್ಟು, ಇಲ್ಲಿ, ಅಂದೆ,
ಇಲ್ಲಿ ಆರ್ಮೇನಿಯನ್ನರು ಅಂತ ಇದ್ದರು.

"ಎಕ್ಸಾಮಿಗೆ ಬರತ್ತಾ ಮಿಸ್?"
ಬರಲ್ಲ.
ಟಕ್ ಟಕ್ ಟಕ್, ಮೂವತ್ತೆಂಟು ಪೆನ್ನುಗಳಿಗೆ ಮುಚ್ಚಳ.
ಸರಿ, ಇನ್ನು ಕೇಳಿಸಿಕೊಳ್ಳಬಹುದು.

ರಾತ್ರಿ ಕೂತು ಓದಿ ತಂದ ಸಂಖ್ಯೆಯನ್ನು
ಬೋರ್ಡಿನ ಮೇಲೆ ಬರೆದೆ.
ಮುಂದಿನ ಬೆಂಚು ಸೊನ್ನೆ ಎಣಿಸತೊಡಗಿತು.
ಅಳಿಸಿದೆ.
ಕಾಗದದಿಂದ ಶುರುಮಾಡಿದೆ, ಅದಾದರೆ ಇವರಿಗೆ ಗೊತ್ತು:
ಹತ್ತೊಂಬೈನೂರ ಹದಿನೈದು, ಏಪ್ರಿಲ್‌ನ ಒಂದು ರಾತ್ರಿ,
ಪೊಲೀಸರ ಕೈಯಲ್ಲೊಂದು ಹೆಸರಿನ ಪಟ್ಟಿ;
ವಕೀಲರು, ಕವಿಗಳು, ಪತ್ರಿಕೆಯವರು,
ನನ್ನ ಹಾಗೆ ಸೀಮೆಸುಣ್ಣದ ಕೈಯವರು.
ಆಮೇಲೆ ಊರೂರಿಗೆ ತಂತಿ.
ಗಂಡಸರನ್ನು ಬೇರೆ ಮಾಡಿ ಕೊಂದರು.
ಹೆಂಗಸರು, ಮಕ್ಕಳು, ಮುದುಕರು
ಮರುಭೂಮಿಯ ಕಡೆಗೆ, ನಡೆದು,
ನೀರಿಲ್ಲದೆ, ನಡೆದು.
ಸರ್ಕಾರಿ ಕಾಗದದಲ್ಲಿ ಅದರ ಹೆಸರು ಸ್ಥಳಾಂತರ.

"ಟ್ರಾನ್ಸ್‌ಫರ್ರಾ ಮಿಸ್?" ಅಂದ ಸೆಲ್ವಕುಮಾರ.
ಮಿಲ್ಲು ಮುಚ್ಚಿದಾಗ ಅವರಪ್ಪನ ಕೈಗೂ ಬಂದಿತ್ತು ಆ ಪದ.
ಹಾಗೆ ಕೇಳಿಸಲಿ ಅಂತಲೇ, ಅಂದೆ, ಅದನ್ನು ಆರಿಸಿದ್ದು.
ಅವನು ಯೋಚಿಸಿದ. "ನಮ್ಮಪ್ಪ ಮಾಡ್ತಿದ್ದಿದ್ದು
ನ್ಯೂಸ್‌ಪೇಪರಿನ ಕಾಗದ ಮಿಸ್,
ಆರ್ಡರ್ ಬರೆಯೋದಲ್ಲ."
ಯಾರೂ ನಗಲಿಲ್ಲ.
ಬರೆಯುವವರೆಗೆ ಕಾಗದಕ್ಕೇನು ಗೊತ್ತು, ಅಂದೆ.
ಅವನಿಗೆ ಅರ್ಧ ಸಮಾಧಾನ. ನನಗೆ ಅಷ್ಟೂ ಇಲ್ಲ.

ಅಷ್ಟರಲ್ಲಿ ಹಿಂದಿನ ಬೆಂಚಿನ ಹಾಲೇಶ
ತುರ್ಕರು ಎಂಬ ಪದದ ನಡುವೆ ಒಂದು ಕೊಂಬು ಸೇರಿಸಿ
ಅವರಾ ಮಿಸ್, ಅಂದ.
ಕೊಂಬು ನೆಟ್ಟಗೆ ಹೋಯಿತು ಮೂರನೇ ಬೆಂಚಿಗೆ.
ಹತ್ತು ಹನ್ನೆರಡು ಕತ್ತುಗಳು ತಿರುಗಿದವು.
ತಸ್ಕೀನ್ ಸ್ಕೇಲಿಟ್ಟು ಮಾರ್ಜಿನ್ ಎಳೆಯುತ್ತಿದ್ದಳು,
ಎಳೆದ ಗೆರೆಯ ಮೇಲೇ ಮತ್ತೊಂದು, ಮತ್ತೊಂದು.

ಇದಕ್ಕೆ ನಾನು ಓದಿಕೊಂಡು ಬಂದಿರಲಿಲ್ಲ.
ಮಾಡಿಸಿದ್ದು ಒಂದು ಸರ್ಕಾರ, ಅಂದೆ,
ಹೆಸರಿರುವ, ಹುದ್ದೆಯಿರುವ ಮನುಷ್ಯರು.
ಅಲೆಪ್ಪೊದಲ್ಲೊಬ್ಬ ಅಧಿಕಾರಿ, ಅವರವನೇ,
ಆಗಲ್ಲ ಎಂದ. ಅವನಿಗೂ ಆಯಿತು ಟ್ರಾನ್ಸ್‌ಫರು.
ದಾರಿಯಲ್ಲಿ ಕೆಲವರು ಕದ ತೆಗೆದು
ಮಕ್ಕಳನ್ನು ಒಳಗೆ ಬಚ್ಚಿಟ್ಟರು, ಅವರೂ
ಐದು ಹೊತ್ತು ನಮಾಜು ಮಾಡುವವರು.
ಹೇಳಿದ್ದೆಲ್ಲ ನಿಜ.
ಆದರೆ ನನ್ನ ದನಿ ನನಗೇ ವಕಾಲತ್ತಿನಂತೆ ಕೇಳಿಸಿತು.
ತಸ್ಕೀನಳ ಮೇಲೆ ಯಾವ ಕೇಸಿತ್ತು?

ಹಾಲೇಶನಿಗೆ ಏನೂ ಹೇಳಲಿಲ್ಲ. ಹೇಳಬೇಕಿತ್ತು.
ಬೆಲ್ಲು ಹೊಡೆಯಿತು.

ಎಲ್ಲ ಹೋದ ಮೇಲೆ ಅವಳು ಮೇಜಿನ ಹತ್ತಿರ ಬಂದಳು.
ಕ್ಲಾಸಿನ ಹಾಜರಿ ಪುಸ್ತಕಕ್ಕೆ ಪ್ರತಿ ಜೂನ್‌ನಲ್ಲಿ
ಮೂವತ್ತೆಂಟು ಹೆಸರು ತುಂಬಿಸುವವಳು ಅವಳೇ,
ದುಂಡಗೆ, ಒಂದು ಒತ್ತಕ್ಷರ ಜಾರದಂತೆ.
"ಆ ಪಟ್ಟಿ ಬರೆದುಕೊಟ್ಟೋರು ಯಾರು ಮಿಸ್?
ಅವರ ಅಕ್ಷರ ಚೆನ್ನಾಗಿತ್ತಾ?"
ಗೊತ್ತಿಲ್ಲಮ್ಮ, ಅಂದೆ.
ತಲೆಯಾಡಿಸಿ, ಬ್ಯಾಗು ಬೆನ್ನಿಗೇರಿಸಿ
ಓಡಿದಳು, ಬಸ್ಸಿತ್ತು.

ಪಾಠದ ಡೈರಿಯಲ್ಲಿ ಇವತ್ತಿನ ಕಾಲಂ ಖಾಲಿ.
ಏನಂತ ಬರೆಯಲಿ?
ಸಿಲಬಸ್ಸಿನಲ್ಲಿಲ್ಲದ್ದಕ್ಕೆ ನಾವೆಲ್ಲ ಬರೆಯುವುದನ್ನೇ ಬರೆದೆ:
ಪುನರಾವರ್ತನೆ.
ಬರೆದು, ಶಾಯಿ ಆರುವವರೆಗೂ
ಆ ಪದವನ್ನೇ ನೋಡುತ್ತ ಕೂತಿದ್ದೆ.

ಹೆಡ್‌ಮಾಸ್ಟರು ಬಂದರು. "ಪೋರ್ಷನ್ ಮುಗೀತಾ?" ಅಂದರು.
ಪುಟ ತಿರುಗಿಸಿ,
ಓದದೆ ಸಹಿ ಹಾಕಿದರು.