ಎಡ ಅಂಗೈ

ಚಾಮರಾಜ ಜೋಡಿ ರಸ್ತೆ, ಜೆರಾಕ್ಸ್ ಅಂಗಡಿಯ ಮೇಲೆ
ಹತ್ತಡಿ ಹನ್ನೆರಡಡಿ ನನ್ನ ಕೋಣೆ.
ಕೆಳಗೆ ಯಂತ್ರ ಒಂದೇ ಸಮನೆ ಬೆಳಕುಗುಳುತ್ತ
ಯಾರದೋ ಆಧಾರ್ ಕಾರ್ಡಿಗೆ ನಕಲು ಹುಟ್ಟಿಸುವಾಗ
ಮೇಲೆ ನನ್ನ ಟೇಬಲ್ಲು ಸಣ್ಣಗೆ ನಡುಗುತ್ತದೆ,
ಅದರ ಮೇಲಿಟ್ಟ ಕೈಯೂ.

ಹಾಗಾಗಿ ಚೆನ್ನಾಜಮ್ಮನ ಎಡಗೈ ನಡುಗಿದ್ದು
ಮೊದಲ ದಿನ ನನಗೆ ಗೊತ್ತೇ ಆಗಲಿಲ್ಲ.

ಹಾಸ್ಟೆಲಿನ ಅಡುಗೆಯಾಕೆ. ಐವತ್ತೆಂಟು.
ಸ್ಕ್ಯಾನು ಸರಿ, ನರ ಸರಿ, ಥೈರಾಯ್ಡ್ ಸರಿ;
ದೊಡ್ಡಾಸ್ಪತ್ರೆಯ ಚೀಟಿಯ ಬೆನ್ನಿಗೆ
'ಆಪ್ತಸಮಾಲೋಚನೆ' ಎಂದು ಗೀಚಿ ಕಳಿಸಿದ್ದರು.
"ಬಲಗೈ ನೆಟ್ಟಗದೆ ಕನವ್ವ, ಮುನ್ನೂರು ಜನದ ಸಾರು ತಿರುವ್ತೀನಿ.
ಇದೊಂದೇ ಇಂಗೆ."

ನನ್ನ ಬಳಿ ಫಾರಂ ಇದೆ. ನಿದ್ದೆ, ಹಸಿವು, ಅಳು,
ಸಾಯಬೇಕು ಅನ್ನಿಸಿದ್ದುಂಟೆ —
ಹದಿನಾಲ್ಕು ಪ್ರಶ್ನೆ, ಸೊನ್ನೆಯಿಂದ ಮೂರರವರೆಗೆ ಅಂಕ.
ಕಲಿಸಿದ ಮೇಡಂ ಹೇಳಿದ್ದರು: ಯಾರಾದರೂ ದೇವರ ಮಾತೆತ್ತಿದರೆ
ನಯವಾಗಿ ಮನುಷ್ಯರ ಕಡೆ ತಿರುಗಿಸು.
ತಿರುಗಿಸುತ್ತ ಬಂದಿದ್ದೇನೆ, ಹನ್ನೊಂದು ವರ್ಷ,
ಟ್ರಾಫಿಕ್ ಪೊಲೀಸನ ಹಾಗೆ.
ನನಗೂ ಅದೇ ಸಲೀಸು. ನಮ್ಮ ಮನೆಯ ದೇವರಗೂಡಿನಲ್ಲಿ
ಈಗ ವೈಫೈ ಪೆಟ್ಟಿಗೆ ಇದೆ.

ನಾಲ್ಕನೆಯ ವಾರ, ಸಮಯ ಮುಗಿಯುವ ಹೊತ್ತಿಗೆ —
ಹೇಳಬೇಕಾದ್ದನ್ನು ಜನ ಹೇಳುವುದೇ ಚಪ್ಪಲಿ ಹುಡುಕುವಾಗ —
ಚೀಲದಿಂದ ಬೆಳ್ಳಿಯ ಕರಡಿಗೆ ತೆಗೆದು ಟೇಬಲ್ಲಿನ ಮೇಲಿಟ್ಟಳು.
"ಮೈ ಬುಟ್ಟು ತಗೀಬಾರ್ದು ಇದ. ತಗುದಿವ್ನಿ.
ಏಳು ತಿಂಗಳಾಯ್ತು ನೀರು ಕಂಡು.
ಅಂಗೈಲಿ ನಿಲ್ಲಲ್ಲ. ಬಿದ್ದೋದ್ರೆ?"

ತಂಗಿ ಗುರುಸಿದ್ದಮ್ಮ, ವಾರ್ಡಿನ ಕಿಟಕಿ ಪಕ್ಕದ ಮಂಚ.
ಮೂರು ರಾತ್ರಿ ಅಕ್ಕನ ಎಡಗೈ ಹಿಡಿದೇ ಮಲಗಿದ್ದಳಂತೆ,
ಬಿಗಿಯಾಗಿ, ಚಿಕ್ಕಂದಿನಲ್ಲಿ ಕಾಲುವೆ ದಾಟುವಾಗ ಹಿಡಿದ ಹಾಗೆ.
ನಾಲ್ಕನೆಯ ಬೆಳಗ್ಗೆ, ಪೂಜೆಯ ಹೊತ್ತು.
ಒಂದೊಂದೇ ಬೆರಳು ಬಿಡಿಸಿಕೊಂಡು
ನಲ್ಲಿಯ ಹತ್ತಿರ ಹೋಗಿ, ಕೈ ತೊಳೆದು, ವಿಭೂತಿ ಹಚ್ಚಿ,
ತಂಗಿ ಹಿಡಿದಿದ್ದ ಅದೇ ಅಂಗೈಯಲ್ಲಿ ಲಿಂಗವನ್ನಿಟ್ಟು
ನೋಡುತ್ತ ಕೂತಳು. ಹತ್ತು ನಿಮಿಷ. ಹೆಚ್ಚೆಂದರೆ ಹನ್ನೆರಡು.
ವಾಪಸು ಬಂದರೆ ನರ್ಸು ಪರದೆ ಎಳೆಯುತ್ತಿದ್ದಳು.

ಇಲ್ಲಿ ಹೇಳಬೇಕಾದ ವಾಕ್ಯ ನನಗೆ ಬಾಯಿಪಾಠ:
ತಪ್ಪು ನಿಮ್ಮದಲ್ಲ.
ನಿಜವೇ. ಎಷ್ಟು ನಿಜವೆಂದರೆ
ಯಾರ ಉಪಯೋಗಕ್ಕೂ ಬಾರದಷ್ಟು.
ಕೆಳಗೆ ಯಂತ್ರ ನಿಂತಿತು. ಕರೆಂಟು ಹೋಗಿರಬೇಕು.
ಟೇಬಲ್ಲು ನಿಶ್ಚಲ, ಫ್ಯಾನು ಸುಮ್ಮನೆ,
ಅವಳ ಕೈ ಮಾತ್ರ.

"ಕೋಪ ಯಾರ ಮೇಲೆ?" ಎಂದೆ.
ಫಾರಂನಲ್ಲಿಲ್ಲದ ಪ್ರಶ್ನೆ.
ಗದ್ದದಿಂದ ತೋರಿಸಿದಳು, ಕರಡಿಗೆಯನ್ನು.
"ಹಾಗಾದರೆ ಅವನಿಗೇ ಹೇಳಿ."
"ಇಲ್ಲೇನಾ? ಬೈಬೋದಾ?"
ನನಗೇನು ಗೊತ್ತು. ನಾನು ಯಾವ ಮಠದವಳು.
"ಕೇಳಿಸಿಕೊಳ್ಳುವುದು ಅವನ ಕೆಲಸವಲ್ಲವೇ" ಅಂದೆ, "ನನ್ನ ಹಾಗೆ."

ಬೈದಳು. ಸೀದ ಅನ್ನಕ್ಕೆ, ಗದ್ದೆಗೆ ನುಗ್ಗಿದ ಎಮ್ಮೆಗೆ,
ಕುಡಿದು ಬಂದ ಗಂಡನಿಗೆ ಎತ್ತಿಟ್ಟ ಮಾತೆಲ್ಲ ಅವನಿಗೆ.
"ಹನ್ನೆರಡು ನಿಮಿಷ ತಡ್ಕೊಳಕ್ಕಾಗ್ನಿಲ್ವಾ ನಿಂಗೆ?
ಒಂಬತ್ತು ವರ್ಸದ ಮಗೀಂದ ಹೊತ್ತಿವ್ನಲ್ಲ ನಿನ್ನ!"
ಗಂಡಹೆಂಡಿರ ಜಗಳದ ನಡುವೆ ಸಿಕ್ಕ ನೆಂಟಳ ಹಾಗೆ
ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ಕೂತೆ.

ಆಮೇಲೆ ನೀರು ಕೇಳಿದಳು. ಕುಡಿಯುವುದಕ್ಕೆ ಅಂದುಕೊಂಡೆ.
ಲಿಂಗವನ್ನು ಎಡ ಅಂಗೈಗೆ ತಂದು
ನಡುಗುವ ಆ ಕೈಗೆ ಬಲಗೈ ಆನಿಸಲು ಹೋದಳು; ಅದರಲ್ಲಿ ಲೋಟ.
ನನ್ನ ಕಡೆ ನೋಡಿದಳು.
ನಾನು ಕೈ ಕೊಟ್ಟೆ.
ಒರಟು ಕೈಬೆನ್ನು, ಬಿಸಿ.
ನಾಡಿಯೋ ನಡುಕವೋ, ಅವಳದೋ ನನ್ನದೋ.
ನೀರು ನನ್ನ ಬೆರಳ ಸಂದಿನಿಂದ ಫಾರಂ ಮೇಲೆ ತೊಟ್ಟಿಕ್ಕಿ
ನಿದ್ದೆ, ಹಸಿವು, ಅಳು ಕಲಸಿಹೋದವು.
ಇದು ಯಾವ ಪದ್ಧತಿ ಎಂದು ಮೇಡಂ ಕೇಳಿದರೆ
ನನ್ನಲ್ಲಿ ಹೆಸರಿಲ್ಲ.

ಗುಣವಾಯಿತೆ? ಇಲ್ಲ. ಮೆಟ್ಟಿಲಿಳಿಯುವಾಗಲೂ ನಡುಗುತ್ತಿತ್ತು,
ಕಂಬಿ ಹಿಡಿದು ಹೋದಳು.
ಕರಡಿಗೆ ಮಾತ್ರ ಚೀಲದಲ್ಲಿರಲಿಲ್ಲ, ಕೊರಳಲ್ಲಿತ್ತು.

ಲೋಟದಲ್ಲಿ ಅರ್ಧ ನೀರು ಉಳಿದಿತ್ತು.
ಚೆಲ್ಲಲೋ ಬೇಡವೋ ಎಂದು ನಾನಿನ್ನೂ ನಿಂತಿರುವಾಗಲೇ
ಮುಂದಿನ ಸರದಿಯ ಹುಡುಗ, ಕೆಎಎಸ್‌ಗೆ ಮೂರನೇ ಸಲ ಕಟ್ಟಿದವನು,
ಮೆಟ್ಟಿಲು ಹತ್ತಿದ ದಣಿವಿಗೆ
"ಮೇಡಂ, ಕುಡೀಲಾ?" ಎನ್ನುತ್ತಲೇ ಗಟಗಟ ಎತ್ತಿಬಿಟ್ಟ.

ಬೇಡ ಅನ್ನಲಿಲ್ಲ ನಾನು.