ತಬೋರಾದಲ್ಲಿ ಕೊಂಡಿ ಬಿಡಿಸುವವನು

ರಾತ್ರಿ ಒಂಬತ್ತೂವರೆಗೆ ಬರಬೇಕಾದದ್ದು
ಬಂದಾಗ ಎರಡೂ ಹತ್ತು.
ಕರಿಹಲಗೆಯಲ್ಲಿ ನಾಲ್ಕು ಸಲ ಅಳಿಸಿ ಬರೆದ ಸಮಯ
ಬರೀ ಬಿಳಿ ಮಸುಕಾಗಿದೆ.
ಯಾರೂ ಅದನ್ನು ನೋಡುವುದಿಲ್ಲ.
ಜೇನು ಮಾರುವ ಕಶಿಂಡ್ಯೆ ಹಳಿಗೆ ಬರಿಗಾಲು ತಾಗಿಸುತ್ತಾಳೆ,
‘ಇನ್ನೂ ದೂರ’ ಎಂದು ಮತ್ತೆ ಮಲಗುತ್ತಾಳೆ,
ತಲೆಯಡಿ ಬಾಟಲಿಗಳ ಚೀಲ.

ದಾರ್‌ನಿಂದ ಒಂದೇ ಮೈಯಾಗಿ ಬಂದ ಗಾಡಿ
ಇಲ್ಲಿ ಎರಡಾಗುತ್ತದೆ.
ಮುಂದಿನ ಏಳು ಡಬ್ಬಿ ಮ್ವಾಂಜಾಕ್ಕೆ,
ಹಿಂದಿನ ಐದು ಕಿಗೋಮಾಕ್ಕೆ.
ಆ ತುದಿಗೊಂದು ಸರೋವರ, ಈ ತುದಿಗೊಂದು ಸರೋವರ,
ನಡುವೆ ನಮ್ಮೂರಲ್ಲಿ ಒಂದು ನಲ್ಲಿ,
ಅದೂ ಬೆಳಿಗ್ಗೆ ಆರರವರೆಗೆ.

ಜಂಕ್ಷನ್ ಎಂದರೆ ಕೂಡುವ ಜಾಗ
ಎಂದು ಮೇಷ್ಟ್ರು ಉಕ್ತಲೇಖನ ಕೊಟ್ಟಿದ್ದರು.
ಇಪ್ಪತ್ತಾರು ವರ್ಷ ನಾನು ಮಾಡಿದ್ದು
ಬಿಡಿಸುವುದನ್ನೇ.

ಮೊದಲು ಕಿಟಕಿ ಬಡಿಯುತ್ತ ಹೋಗುತ್ತೇನೆ:
ಮ್ವಾಂಜಾವೋ? ಕಿಗೋಮಾವೋ?
ಕುಕ್ಕೆಯಲ್ಲಿ ಕೋಳಿ ಇಟ್ಟುಕೊಂಡ ಮುದುಕ
ಎರಡಕ್ಕೂ ಹೂಂ ಅನ್ನುತ್ತಾನೆ.
ಟಿಕೆಟ್ಟು ನೋಡಿ, ಎಬ್ಬಿಸಿ, ಕೋಳಿಯನ್ನು ನಾನೇ ಹೊತ್ತು
ನಾಲ್ಕು ಡಬ್ಬಿ ದಾಟಿಸುತ್ತೇನೆ.
ಅವನ ಜಾಗದ ಬಿಸಿ ಆರುವ ಮುಂಚೆ
ಅಲ್ಲಿ ಬೇರೆ ಯಾರೋ ಕಾಲು ಚಾಚಿದ್ದಾರೆ.

ನನ್ನ ಮುತ್ತಜ್ಜ ಮಿಹಾಂಬೊ ಆನೆದಂತ ಹೊತ್ತವನು,
ಇಲ್ಲಿಂದ ಕಡಲಿಗೆ ಮೂರು ತಿಂಗಳು.
ಹೊರೆಯಾಳುಗಳು ಓಟೆ ಉಗಿದಲ್ಲೆಲ್ಲ
ಈ ಮಾವಿನ ಮರಗಳು ಎದ್ದವು ಅನ್ನುತ್ತಿದ್ದಳು ಅಜ್ಜಿ.
ಆಮೇಲೆ ಅದೇ ಹೆಗಲಿಗೆ ಹಳಿ ಬಂತು.
ದಂತಕ್ಕಿಂತ ಹಳಿ ಭಾರ ಮಗಾ,
ಆದರೆ ಒಮ್ಮೆ ಇಳಿಸಿದೆವೋ, ಮುಂದೆ ತಾನೇ ಹೊರುತ್ತದೆ
ಅಂದನಂತೆ.
ಹೆಗಲ ಜಡ್ಡು ಮಾತ್ರ ಸಾಯುವವರೆಗೂ ಇಳಿಯಲಿಲ್ಲ.
ಮೊಮ್ಮಕ್ಕಳಿಗೆ ಅದು ಕೂರುವ ಮಣೆ.

ಜರ್ಮನರು ಈ ಹೆಂಚು ಹೊದಿಸಿದರು.
ಇಂಗ್ಲಿಷರು ಬೋರ್ಡು ಬದಲಿಸಿದರು.
ನಾವು ಬಾವುಟ ಬದಲಿಸಿದೆವು.
ಮಾಡು ಮೂವರಿಗೂ ಸೋರಿದೆ,
ಟಿಕೆಟ್ ಕಿಂಡಿಯ ಎಡಕ್ಕೆ, ಅದೇ ಮೂಲೆಯಲ್ಲಿ.

ಈಗ ಊರಾಚೆ ಹೊಸ ಹಳಿ ಬರುತ್ತಿದೆ,
ಅಗಲದ್ದು, ಕರೆಂಟಿನದು.
ಅಲ್ಲಿ ಕೊಂಡಿಗೆ ಮನುಷ್ಯ ಬೇಕೇ ಎಂದು ಕೇಳಿದೆ.
ಹಳದಿ ಟೋಪಿಯ ಹುಡುಗ ನಕ್ಕು, ಚಹಾ ಕುಡಿಸಿದ.

ಅವಳಿಗಳು ಹುಟ್ಟಿದರೆ ನಮ್ಮಲ್ಲಿ
ಮೊದಲಿನದು ಕುಲ್ವಾ, ಎರಡನೆಯದು ದೋತೊ.
ಅವರ ಬೆನ್ನಿಗೆ ಬಂದದ್ದು ಶಿಜಾ, ಅದು ನಾನು.
ಜೇನುಗೂಡಿನ ಪಾಲಿಗೆ ಜಗಳವಾಗಿ
ಕುಲ್ವಾ ಮೀನು ವ್ಯಾಪಾರಕ್ಕೆ ಮ್ವಾಂಜಾಕ್ಕೆ ಹೋದ,
ದೋತೊ ದೋಣಿ ಕೆಲಸಕ್ಕೆ ಕಿಗೋಮಾಕ್ಕೆ.
ಒಂದೇ ರಾತ್ರಿ, ಒಂದೇ ಗಾಡಿ.
ಕೊಂಡಿ ಬಿಡಿಸಿದವನು ನಾನೇ.
ಡ್ಯೂಟಿ ಅಂದರೆ ಡ್ಯೂಟಿ.

ಅವ್ವ ಹೋದಾಗ ಇಬ್ಬರಿಗೂ ತಂತಿ ಕೊಟ್ಟೆ.
ಕುಲ್ವಾ ಮಣ್ಣಿಗೆ ಬಂದ,
ಹಳಿ ಕೊಚ್ಚಿಹೋಗಿ ದೋತೊ ಮೂರನೆಯ ದಿನಕ್ಕೆ.
ಅವನು ಇಳಿಯುವಾಗ ಇವನ ಗಾಡಿ
ಔಟರ್ ಸಿಗ್ನಲ್ ದಾಟಿ ಅರ್ಧ ತಾಸು.
ದೋತೊ ಏನೂ ಕೇಳಲಿಲ್ಲ.
ಗಂಜಿ ಉಂಡ, ಅಂಗಳ ಸುತ್ತಿದ,
ಕೊನೆಗೆ, ಅವನು ಎಲ್ಲಿ ಕೂತಿದ್ದ ಅಂದ.
ಮೂರು ಕಾಲಿನ ಮಣೆ ತೋರಿಸಿದೆ.
ಕತ್ತಲಾಗುವವರೆಗೂ ಅದರ ಮೇಲೆ ಕೂತಿದ್ದ.

ಎರಡೂ ನಲವತ್ತು. ಇಳಿಯುತ್ತೇನೆ.
ಗಾಳಿಕೊಳವೆ ಕಳಚಿದಾಗ ಒಂದು ನಿಟ್ಟುಸಿರು,
ತಿರುಪು ಸಡಿಲಾಗಿ, ಕೊಂಡಿ ನನ್ನ ಕೈಗೆ
ಹೆರಿಗೆಯಾದ ಕೂಸಿನಷ್ಟೇ ಜಾರುತ್ತ.
ಒಳಗಿನವರಿಗೆ ಒಂದು ಸಣ್ಣ ಜೋಲಿ, ಅಷ್ಟೆ.

ನಡುವಿನ ಡಬ್ಬಿ ಈಗ ಕೊನೆಯದು.
ಅದಕ್ಕೆ ಗೊತ್ತಿಲ್ಲ.
ಬೆನ್ನಿಗೆ ಕೆಂಪು ದೀಪ ಸಿಕ್ಕಿಸಿ,
ಗಾಜು ಅಂಗಿತೋಳಿನಿಂದ ಒರೆಸಿ,
ಕೈ ಎತ್ತುತ್ತೇನೆ.