ಜಾಲರಿ

ಕುಶಾಲನಗರದ ಕ್ಯೂರಿಂಗ್ ವರ್ಕ್ಸು, ಎರಡನೇ ಶೆಡ್ಡು.
ಕಾಫಿ ಸಿಪ್ಪೆಯ ದೂಳು ತೊಳೆಯಲೆಂದು
ಜನವರಿಯಲ್ಲಿ ಬಿಚ್ಚಿದ ಫ್ಯಾನಿನ ಜಾಲರಿ
ಮಾರ್ಚಿಗೂ ಮರಳಲಿಲ್ಲ.
ಮೂರು ರೆಕ್ಕೆ ಬತ್ತಲೆ ತಿರುಗುತ್ತಿದ್ದವು,
ಇಲ್ಲವೇ ಇಲ್ಲ ಅನ್ನುವಷ್ಟು ವೇಗ.

ಸೆರಗು ಬಿಗಿ, ಜಡೆ ಒಳಗೆ ಎಂದು ಮೇಸ್ತ್ರಿ
ದಿನಾ ನಮಗೇ ಬುದ್ಧಿ ಹೇಳಿದ.
ಫ್ಯಾನಿಗೆ ಒಂದು ಮಾತಿಲ್ಲ.

ತಂಗಮಣಿ ಕರಿಕಾಳು ಆರಿಸಿ
ಹಿಂದಕ್ಕೆ ಕೈ ಚೆಲ್ಲಿದಳು.
ಟಕ್ ಅಂದದ್ದು ಬಳೆ.
ಬಳೆ ಮಾತ್ರ.
ಬೀಜದ ರಾಶಿಯಲ್ಲಿ ಅದರ ಚೂರುಗಳನ್ನು
ಸಂಜೆಯವರೆಗೆ ಹುಡುಕಿದೆವು,
ಬೆರಳು ಎಣಿಸಿದ ಹಾಗೆ.

ಫಿಟ್ಟರ್ ಮೊಯ್ದು ಜಾಲರಿ ಹುಡುಕಿ ಹೊರಟ.
ಸಿಕ್ಕಿದ್ದು ವಾಚ್‌ಮನ್ ಕಾಳಪ್ಪನ ಮನೆ ಹಿಂದೆ,
ಕವುಚಿ ಹಾಕಿತ್ತು, ಒಳಗೆ ಒಂಬತ್ತು ಕೋಳಿಮರಿ.
"ಹದ್ದು ಉಂಟಲ್ಲ ಮಾರಾಯ!"
"ಅಲ್ಲಿಯೂ ಉಂಟು" ಎಂದು ಮೊಯ್ದು
ಎತ್ತಿಕೊಂಡು ಬಂದ.

ಫ್ಯೂಸು ಕಿತ್ತು ಕಿಸೆಯಲ್ಲಿಟ್ಟುಕೊಂಡೇ ಸ್ಕ್ರೂ ಬಿಗಿದ.
ತನ್ನದಲ್ಲ, ತಂಗಮಣಿಯ ಕಿರುಬೆರಳು
ತೂರುವಲ್ಲೆಲ್ಲ ತಂತಿ ಸುತ್ತಿದ.

ಸ್ವಿಚ್ ಒತ್ತಿದಾಗ ಗಾಳಿಗಿಂತ ಮೊದಲು
ಹಾರಿ ಬಂತು ಒಂದು ಹಳದಿ ಪುಕ್ಕ,
ಅವಳ ಮೊರದಲ್ಲಿ ಕೂತಿತು.
ಕಸ, ಆರಿಸಿ ಎಸೆಯಬೇಕು.
ಮೊರ ಕದಲಿಸದೆ
ಸ್ವಲ್ಪ ಹೊತ್ತು ಹಾಗೇ ಇದ್ದಳು.